ಪ್ರಾಕ್ಟಿಕಲ್ ಪಿಸ್ತೂಲು ಶೂಟಿಂಗ್‌ನಲ್ಲಿ ಅಸಾಮಾನ್ಯ ಆರಂಭ ಭಂಗಿಗಳು

ಪ್ರಾಕ್ಟಿಕಲ್ ಪಿಸ್ತೂಲು ಶೂಟಿಂಗ್ ಸ್ಪರ್ಧೆಯಲ್ಲಿ ಟೈಮರ್ ಸದ್ದು ಮಾಡುವ ಕ್ಷಣಕ್ಕೆ ಸ್ಪರ್ಧಿಯ ದೇಹ ಯಾವ ನಿಲುವಿನಲ್ಲಿರಬೇಕು, ಪಿಸ್ತೂಲು ಎಲ್ಲಿ, ಯಾವ ಸ್ಥಿತಿಯಲ್ಲಿರಬೇಕು ಎಂಬ ನಿಗದಿಯನ್ನು ಆರಂಭ ಭಂಗಿ ಎನ್ನುತ್ತಾರೆ. ಗುರಿಯ ಕಡೆಗೆ ಮುಖಮಾಡಿ, ಕೈಗಳನ್ನು ಸಹಜವಾಗಿ ಇಳಿಬಿಟ್ಟು, ಪಿಸ್ತೂಲನ್ನು ಸೊಂಟದ ಹೋಲ್‌ಸ್ಟರಿನಲ್ಲಿಟ್ಟು ನೆಟ್ಟಗೆ ನಿಲ್ಲುವುದು ವಾಡಿಕೆಯ ಭಂಗಿ. ಇದನ್ನು ಬಿಟ್ಟು ಕುರ್ಚಿಯಲ್ಲಿ ಕುಳಿತು, ನೆಲದ ಮೇಲೆ ಮಲಗಿ, ಗುರಿಗೆ ಬೆನ್ನುಹಾಕಿ, ಕೈಯಲ್ಲಿ ಪೆಟ್ಟಿಗೆ ಹಿಡಿದು ಅಥವಾ ಗುಂಡು ತುಂಬದ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಆರಂಭಿಸುವ ಭಂಗಿಗಳೆಲ್ಲ ಅಸಾಮಾನ್ಯ ಆರಂಭ ಭಂಗಿಗಳೆನಿಸುತ್ತವೆ. ಸ್ಪರ್ಧಿಗಳು ಇವುಗಳನ್ನು ವೇಗದ ಪರೀಕ್ಷೆಯೆಂದು ಭಾವಿಸುವುದು ಸಾಮಾನ್ಯವಾದರೂ ಇವು ಮೂಲತಃ ಕ್ರಮದ ಪರೀಕ್ಷೆ. ದೇಹ ಮೊದಲು ತಿರುಗಬೇಕೋ, ಕೈ ಮೊದಲು ಪಿಸ್ತೂಲಿಗೆ ಹೋಗಬೇಕೋ ಎಂಬುದು ಸಮಯವನ್ನಷ್ಟೇ ಅಲ್ಲ, ಸುರಕ್ಷತೆಯನ್ನೂ ನಿರ್ಧರಿಸುತ್ತದೆ.

ಹಿನ್ನೆಲೆ

ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್ (ಐಪಿಎಸ್‌ಸಿ) 1976ರ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ಸ್ಥಾಪನೆಯಾಯಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಶಕ್ತಿ, ವೇಗ ಎಂಬ ಮೂರನ್ನೂ ಒಟ್ಟಿಗೆ ಅಳೆಯುವುದು ಸಂಸ್ಥೆಯ ಧ್ಯೇಯ. ಒಲಿಂಪಿಕ್ ಮಾದರಿಯ ಪಿಸ್ತೂಲು ಸ್ಪರ್ಧೆಗಳಲ್ಲಿ ಭಂಗಿ ಹೆಚ್ಚು ಬದಲಾಗುವುದಿಲ್ಲ. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ, ಅಂದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ಸ್ಪರ್ಧೆಯಲ್ಲಿ, ತೋಳನ್ನು ಲಂಬರೇಖೆಯಿಂದ 45 ಡಿಗ್ರಿಗಿಂತ ಮೇಲೆತ್ತದೆ ಕಾಯಬೇಕು, ಅಷ್ಟೆ. ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಪ್ರತಿ ಸ್ಟೇಜಿನ ವಿನ್ಯಾಸವೂ ಬೇರೆ. ಹೀಗಾಗಿ ಆರಂಭ ಭಂಗಿಯೂ ವಿನ್ಯಾಸಕಾರರ ಕಲ್ಪನೆಗೆ ಬಿಟ್ಟ ವಿಷಯ.

ಗುರಿಗೆ ಬೆನ್ನುಹಾಕಿ ಆರಂಭಿಸುವ ಅಭ್ಯಾಸಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕೂಪರ್ 1970ರ ದಶಕದಲ್ಲಿ ರೂಪಿಸಿದ ‘ಎಲ್ ಪ್ರೆಸಿಡೆಂಟೆ’. ಸ್ಪರ್ಧಿಯು ಕೈಗಳನ್ನೆತ್ತಿ ಗುರಿಗಳಿಗೆ ಬೆನ್ನು ಮಾಡಿ ನಿಂತಿರುತ್ತಾನೆ. ಸೂಚನೆ ಬಂದೊಡನೆ ತಿರುಗಿ, ಪಿಸ್ತೂಲು ಹೊರಸೆಳೆದು, ಮೂರು ಗುರಿಹಲಗೆಗಳಿಗೆ ತಲಾ ಎರಡು ಗುಂಡು ಹಾರಿಸಿ, ಮ್ಯಾಗಜೀನ್ ಬದಲಿಸಿ, ಮತ್ತೆ ತಲಾ ಎರಡು ಹಾರಿಸಬೇಕು. 1981ರಲ್ಲಿ ಆರಂಭವಾದ ಸ್ಟೀಲ್ ಚಾಲೆಂಜ್ ಸ್ಪರ್ಧೆಯಲ್ಲಿ ಮಣಿಕಟ್ಟುಗಳನ್ನು ಹೆಗಲಿಗಿಂತ ಮೇಲೆತ್ತಿದ ಶರಣಾಗತಿಯ ಭಂಗಿಯೇ ರೂಢಿ. ಹೊಸಬರಿಗೆ ವಿಚಿತ್ರವೆನಿಸುವ ಭಂಗಿ ಅಲ್ಲಿನವರಿಗೆ ದಿನನಿತ್ಯದ್ದು.

ನಿಯಮಗಳು

ಪ್ರತಿ ಸ್ಟೇಜಿನ ಲಿಖಿತ ಸೂಚನೆಯಲ್ಲಿ ಆರಂಭ ಭಂಗಿಯನ್ನೂ ಪಿಸ್ತೂಲಿನ ಸ್ಥಿತಿಯನ್ನೂ ಕಡ್ಡಾಯವಾಗಿ ನಮೂದಿಸಬೇಕು. ಪಿಸ್ತೂಲಿನ ಸ್ಥಿತಿ ಮೂರು ಬಗೆ: ಚೇಂಬರಿನಲ್ಲಿ ಗುಂಡಿರುವುದು, ಮ್ಯಾಗಜೀನ್ ಸೇರಿಸಿದ್ದರೂ ಚೇಂಬರ್ ಖಾಲಿಯಿರುವುದು, ಎರಡೂ ಖಾಲಿಯಿರುವುದು. ರೇಂಜ್ ಆಫೀಸರ್ ‘ಲೋಡ್ ಆ್ಯಂಡ್ ಮೇಕ್ ರೆಡಿ’ ಎಂದಾಗ ಸ್ಪರ್ಧಿಯು ಗುರಿಯ ಕಡೆಗೇ ಮುಖಮಾಡಿ ಪಿಸ್ತೂಲನ್ನು ಸಿದ್ಧಗೊಳಿಸಿ, ಆಮೇಲೆ ಆರಂಭ ಭಂಗಿಗೆ ಬರಬೇಕು. ಬೆನ್ನುಹಾಕಿ ನಿಲ್ಲುವ ಸ್ಟೇಜಿನಲ್ಲೂ ಗುಂಡು ತುಂಬುವುದು ಗುರಿಯತ್ತ ಮುಖಮಾಡಿಯೇ. ಪಿಸ್ತೂಲು ಹೋಲ್‌ಸ್ಟರ್ ಸೇರಿದ ಮೇಲಷ್ಟೇ ತಿರುಗುವುದು. ಅನಂತರ ‘ಆರ್ ಯೂ ರೆಡಿ’, ‘ಸ್ಟ್ಯಾಂಡ್‌ಬೈ’ ಎಂಬ ಸೂಚನೆಗಳು, ಅವುಗಳ ಬೆನ್ನಿಗೆ 1ರಿಂದ 4 ಸೆಕೆಂಡುಗಳೊಳಗೆ ಟೈಮರಿನ ಸದ್ದು.

ವಿನ್ಯಾಸಕಾರರ ಕಲ್ಪನೆಗೂ ಮಿತಿಯುಂಟು. ‘ಸ್ಟ್ಯಾಂಡ್‌ಬೈ’ ಮತ್ತು ಸದ್ದಿನ ನಡುವೆ ಸ್ಪರ್ಧಿಯು ಪಿಸ್ತೂಲು, ಮ್ಯಾಗಜೀನ್ ಅಥವಾ ಗುಂಡುಗಳನ್ನು ಮುಟ್ಟಿಕೊಂಡಿರುವಂತೆ ಭಂಗಿಯನ್ನು ರೂಪಿಸಕೂಡದು. ಹೋಲ್‌ಸ್ಟರಿನಿಂದ ದುರ್ಬಲ ಕೈಯಲ್ಲಿ ಪಿಸ್ತೂಲು ತೆಗೆಯಬೇಕೆಂದು ವಿಧಿಸುವಂತಿಲ್ಲ.

ಸದ್ದಿಗೆ ಮುನ್ನವೇ ಕೈಯನ್ನು ಪಿಸ್ತೂಲಿನತ್ತ ಜರುಗಿಸುವುದು, ಅಥವಾ ಹೆಚ್ಚು ಅನುಕೂಲವಾದ ನಿಲುವಿಗೆ ಮೆಲ್ಲನೆ ಸರಿಯುವುದು ನಿಯಮಭಂಗ. ಖೋ ಖೋ ಆಟದಲ್ಲಿ ಚೌಕದಲ್ಲಿ ಕುಳಿತವರು ‘ಖೋ’ ಸಿಗುವ ಮುನ್ನ ಏಳುವುದಕ್ಕೆ ಇದನ್ನು ಹೋಲಿಸಬಹುದು. ಅಧಿಕಾರಿ ಸಕಾಲದಲ್ಲಿ ತಡೆಯಲು ಸಾಧ್ಯವಾದರೆ ಮೊದಲ ಸಲ ಎಚ್ಚರಿಕೆ ನೀಡಿ ಮತ್ತೆ ಆರಂಭಿಸುತ್ತಾರೆ. ಇಲ್ಲದಿದ್ದರೆ 10 ಅಂಕಗಳ ದಂಡ. ಈ ಹತ್ತು ಅಂಕ ಎಷ್ಟು ದುಬಾರಿ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಪಡೆದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವ ಹಿಟ್ ಫ್ಯಾಕ್ಟರೇ ಸ್ಟೇಜಿನ ಫಲಿತಾಂಶ. 12 ಗುಂಡುಗಳ ಸ್ಟೇಜಿನಲ್ಲಿ ಪೂರ್ತಿ 60 ಅಂಕಗಳನ್ನು 10 ಸೆಕೆಂಡಿನಲ್ಲಿ ಗಳಿಸಿದರೆ ಹಿಟ್ ಫ್ಯಾಕ್ಟರ್ 6. ದಂಡ ಬಿದ್ದರೆ 50 ಅಂಕ, ಹಿಟ್ ಫ್ಯಾಕ್ಟರ್ 5. ದಂಡವಿಲ್ಲದೆ ಇದೇ 5ಕ್ಕೆ ಇಳಿಯಬೇಕಾದರೆ 12 ಸೆಕೆಂಡು ತೆಗೆದುಕೊಳ್ಳಬೇಕಾಗುತ್ತದೆ. ಅಂದರೆ ಕಾಲು ಸೆಕೆಂಡು ಉಳಿಸಲು ಹೊರಟವರು ಎರಡು ಸೆಕೆಂಡು ತೆತ್ತಂತಾಯಿತು.

ಸುರಕ್ಷತೆಯ ವಿಷಯದಲ್ಲಿ ಅಂಕಗಳ ಮಾತೇ ಇಲ್ಲ. ಪಿಸ್ತೂಲಿನ ಬಾಯಿ ಸುರಕ್ಷಾ ಕೋನವನ್ನು, ಅಂದರೆ ಸಾಮಾನ್ಯವಾಗಿ ಗುರಿಯ ದಿಕ್ಕಿನಿಂದ ಎಡಬಲಗಳಿಗೆ ತಲಾ 90 ಡಿಗ್ರಿಯನ್ನು ಮೀರಿದರೆ, ಪಿಸ್ತೂಲು ಕೈಜಾರಿ ಬಿದ್ದರೆ, ಅರಿಯದೆ ಗುಂಡು ಹಾರಿದರೆ ಅಥವಾ ಓಡಾಡುವಾಗ ಬೆರಳು ಟ್ರಿಗರಿನ ಬಳೆಯೊಳಗಿದ್ದರೆ ಇಡೀ ಪಂದ್ಯದಿಂದಲೇ ಅನರ್ಹತೆ. ಅಸಾಮಾನ್ಯ ಭಂಗಿಗಳ ಅಪಾಯವೆಲ್ಲ ಈ ಪಟ್ಟಿಯಲ್ಲಡಗಿದೆ.

ನಿರ್ವಹಣೆಯ ವಿಧಾನ

ಬೆನ್ನುಹಾಕಿದ ಭಂಗಿಯಲ್ಲಿ ತಪ್ಪು ನಡೆಯುವುದು ಒಂದೇ ಕಡೆ: ತಿರುವು ಮುಗಿಯುವ ಮೊದಲೇ ಪಿಸ್ತೂಲು ಹೊರಬರುವುದು. ಆಗ ಅದರ ಬಾಯಿ ಅಧಿಕಾರಿಯನ್ನೂ ಹಿಂದೆ ನಿಂತವರನ್ನೂ ಸವರಿಕೊಂಡು ಹೋಗುತ್ತದೆ. ಆದ್ದರಿಂದ ತಲೆ ಮೊದಲು ತಿರುಗಿ ಕಣ್ಣು ಮೊದಲ ಗುರಿಯನ್ನು ಹಿಡಿಯಬೇಕು, ಅದರ ಹಿಂದೆ ಪಾದ ಮತ್ತು ಸೊಂಟ. ಕೈ ಪಿಸ್ತೂಲಿನ ಹಿಡಿಕೆಯನ್ನು ತಿರುಗುವಾಗಲೇ ಹಿಡಿಯಬಹುದು. ಆದರೆ ಸೊಂಟ ಗುರಿಯತ್ತ ಬರುವವರೆಗೆ ಪಿಸ್ತೂಲು ಹೋಲ್‌ಸ್ಟರಿನಲ್ಲೇ ಇರಬೇಕು. ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬ ಚರ್ಚೆ ಶೂಟರ್‌ಗಳಲ್ಲಿ ಮುಗಿದಿಲ್ಲ. ಮೊದಲ ಗುರಿ ಎಲ್ಲಿದೆ, ತಿರುಗಿದ ಮೇಲೆ ಯಾವ ಕಡೆಗೆ ಓಡಬೇಕು ಎಂಬುದನ್ನು ನೋಡಿ ಒಂದನ್ನು ಆರಿಸಿಕೊಂಡು, ಸ್ಟೇಜನ್ನು ನಡೆದು ನೋಡುವಾಗಲೇ ಅದನ್ನು ಗಟ್ಟಿ ಮಾಡಿಕೊಳ್ಳುವುದು ದಿಕ್ಕಿನ ಆಯ್ಕೆಗಿಂತ ಮುಖ್ಯ.

ಕುಳಿತ ಭಂಗಿಯ ತೊಡಕು ಸ್ಪರ್ಧಿಯ ಸ್ವಂತ ತೊಡೆ. ಹೊರಸೆಳೆಯುವಾಗ ಸೊಂಟದ ಕೆಳಗಿನ ಭಾಗದ ಮೇಲೆ ಪಿಸ್ತೂಲಿನ ಬಾಯಿ ಹಾಯ್ದರೂ ಬೆರಳು ಟ್ರಿಗರಿನ ಬಳೆಯಿಂದ ಸ್ಪಷ್ಟವಾಗಿ ಹೊರಗಿದ್ದರೆ ನಿಯಮ ಅದನ್ನು ಕ್ಷಮಿಸುತ್ತದೆ; ಗುಂಡು ಕ್ಷಮಿಸುವುದಿಲ್ಲ. ಎದ್ದು ಓಡಬೇಕಾದ ಸ್ಟೇಜಿನಲ್ಲಿ ಪಾದಗಳನ್ನು ಮೊದಲೇ ಹಿಂದಕ್ಕೆಳೆದು ಕುಳಿತುಕೊಳ್ಳಲು ಲಿಖಿತ ಸೂಚನೆ ಅವಕಾಶ ಕೊಡುತ್ತದೆಯೇ ಎಂದು ಓದಿ ನೋಡಬೇಕು. ದೇಹವನ್ನು ಮುಂದಕ್ಕೆ ಬಾಗಿಸಿ, ಏಳುತ್ತಲೇ ಹೊರಸೆಳೆದರೆ ತೊಡೆ ದಾರಿಯಿಂದ ಸರಿಯುತ್ತದೆ. ಕುರ್ಚಿಗೆ ಕೈಗಳಿದ್ದರೆ ಹೋಲ್‌ಸ್ಟರ್ ಅದಕ್ಕೆ ಸಿಕ್ಕಿಕೊಳ್ಳುವುದನ್ನೂ, ಎದುರಿಗೆ ಮೇಜಿದ್ದರೆ ಪಿಸ್ತೂಲು ಅದರ ಅಂಚಿನಡಿಗೆ ಬಡಿಯುವುದನ್ನೂ ಮೊದಲೇ ಊಹಿಸಿಕೊಳ್ಳಬೇಕು.

ಬೆನ್ನಿನ ಮೇಲೆ ಮಲಗಿ ಆರಂಭಿಸುವುದು ಎಲ್ಲಕ್ಕಿಂತ ಕಠಿಣ. ಕಾಲು ಗುರಿಯ ಕಡೆಗಿದ್ದರೆ, ಮಲಗಿದಲ್ಲೇ ಹೊರಸೆಳೆದ ಪಿಸ್ತೂಲು ಎರಡೂ ಕಾಲುಗಳ ಮೇಲೆ ಹಾಯುತ್ತದೆ. ಪಿಸ್ತೂಲು ಕಟ್ಟಿದ ಬದಿಗೆ ಹೊರಳಿದರೆ ಹೋಲ್‌ಸ್ಟರ್ ದೇಹದಡಿ ಸಿಲುಕುತ್ತದೆ. ಕೆಲವೊಮ್ಮೆ ಪಿಸ್ತೂಲೇ ಕಳಚಿಬಿದ್ದು ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಎದುರು ಬದಿಗೆ ಹೊರಳಿ, ದುರ್ಬಲ ಕೈಯನ್ನು ನೆಲಕ್ಕೂರಿ, ಮಂಡಿಯ ಮೇಲೆ ಅಥವಾ ಕಾಲಿನ ಮೇಲೆ ನೆಲೆನಿಂತ ಬಳಿಕ ಹೊರಸೆಳೆಯುವುದು ಉತ್ತಮ. ಇದು ನಿಧಾನವೆಂದು ತೋರಿದರೂ ಎದ್ದು ನಿಂತವರಿಗೆ ಮೊದಲ ಗುಂಡು ಸರಿಯಾಗಿ ತಗಲುತ್ತದೆ.

ಮೇಜಿನ ಮೇಲೆ ಖಾಲಿ ಪಿಸ್ತೂಲು ಇರುವ ಸ್ಟೇಜುಗಳಲ್ಲಿ ಹೋಲ್‌ಸ್ಟರಿನ ಅಭ್ಯಾಸವೆಲ್ಲ ನಿರುಪಯೋಗಿ. ಬಲಗೈ ಪಿಸ್ತೂಲಿಗೆ, ಎಡಗೈ ಮ್ಯಾಗಜೀನಿಗೆ ಏಕಕಾಲದಲ್ಲಿ ಹೋಗಬೇಕು. ಕಣ್ಣು ಗುರಿಯನ್ನಲ್ಲ, ಮ್ಯಾಗಜೀನ್ ಸೇರುವ ಬಾಯನ್ನು ನೋಡಬೇಕು. ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗವಿದೆ: ಸ್ಲೈಡನ್ನು ಎಡಗೈಯಿಂದ ಹಿಂದಕ್ಕೆಳೆಯುವಾಗ ಬಲಗೈಯವರ ಪಿಸ್ತೂಲು ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಅದೇ ಹೊತ್ತಿಗೆ ಎಡಕ್ಕೆ ಓಡತೊಡಗಿದ್ದರೆ ಬಾಯಿ 90 ಡಿಗ್ರಿ ದಾಟಲು ಒಂದು ಹೆಜ್ಜೆ ಸಾಕು. ಮೊಣಕೈಯನ್ನು ದೇಹಕ್ಕೆ ಹತ್ತಿರವಿಟ್ಟು, ಪಿಸ್ತೂಲನ್ನು ಗುರಿಯತ್ತ ನೇರವಾಗಿರಿಸಿ ಸ್ಲೈಡ್ ಎಳೆದು ಆಮೇಲೆ ಓಡುವುದು ಲೇಸು.

ಕೈಯಲ್ಲಿ ಪೆಟ್ಟಿಗೆ, ಹಗ್ಗ ಮುಂತಾದುವನ್ನು ಹಿಡಿದು ಆರಂಭಿಸುವಾಗ ಅದನ್ನು ಎಸೆಯದೆ ಸುಮ್ಮನೆ ಬಿಟ್ಟುಬಿಡಬೇಕು. ಬಿದ್ದ ವಸ್ತು ತಾನು ಓಡುವ ದಾರಿಯಲ್ಲಿ ಇರದಂತೆ ನೋಡಿಕೊಂಡರೆ ಸಾಕು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಶೂಟಿಂಗ್ ಕ್ರೀಡೆಯನ್ನು 1951ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ ನಿರ್ವಹಿಸುತ್ತದೆ. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ಇಲ್ಲಿ ಬೆಳೆದಿರುವುದು ಮುಖ್ಯವಾಗಿ ಒಲಿಂಪಿಕ್ ಮಾದರಿಯ ಶೂಟಿಂಗ್. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಪದಕ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಪ್ರಾಕ್ಟಿಕಲ್ ಶೂಟಿಂಗ್ ಬೇರೂರದಿರುವುದಕ್ಕೆ ಆಸಕ್ತಿಯ ಕೊರತೆಗಿಂತ ಕಾನೂನೇ ದೊಡ್ಡ ಕಾರಣ. ಐಪಿಎಸ್‌ಸಿ ನಿಯಮದ ಪ್ರಕಾರ ಪಿಸ್ತೂಲಿನ ಕನಿಷ್ಠ ಕಾರ್ಟ್ರಿಜ್ 9×19 ಮಿ.ಮೀ. ಭಾರತದಲ್ಲಿ ಇದು ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧ ಬೋರ್. ಅವರಿಗೆ ಸಿಗುವ .32 ಬೋರಿನ ಪಿಸ್ತೂಲು ಐಪಿಎಸ್‌ಸಿ ಪಂದ್ಯಕ್ಕೆ ಅರ್ಹವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಸಿತು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯಂತಹ ಕಡೆ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತರಿಗೆ ಬಂದೂಕಿನ ಪರವಾನಗಿ ಎಂದರೆ ಮೊದಲು ನೆನಪಾಗುವುದು ಕ್ರೀಡೆಯಲ್ಲ, ಬೆಳೆ ರಕ್ಷಣೆ. ಎನ್‌ಸಿಸಿ ಸೇರಿದ ವಿದ್ಯಾರ್ಥಿಗಳು .22 ರೈಫಲನ್ನು ಹೊಟ್ಟೆಯ ಮೇಲೆ ಮಲಗಿ ಹಾರಿಸಲು ಕಲಿಯುತ್ತಾರೆ. ಅಲ್ಲಿ ಮಲಗುವುದು ಸ್ಥಿರತೆಗಾಗಿ, ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಮಲಗಿಸುವುದು ಎಬ್ಬಿಸುವುದಕ್ಕಾಗಿ. ಆದರೂ ಅಸಾಮಾನ್ಯ ಭಂಗಿಗಳ ಬಹುಪಾಲು ಅಭ್ಯಾಸಕ್ಕೆ ಆಯುಧವೇ ಬೇಕಿಲ್ಲ. ತಿರುಗುವುದು, ಕುರ್ಚಿಯಿಂದ ಏಳುವುದು, ಹೊರಳಿ ಮಂಡಿಯ ಮೇಲೆ ನಿಲ್ಲುವುದು, ಇವನ್ನು ಬರಿಗೈಯಲ್ಲಿ, ಮೊಬೈಲಿನ ಟೈಮರ್ ಇಟ್ಟುಕೊಂಡು ಕಲಿಯಬಹುದು. ಪರವಾನಗಿಯುಳ್ಳವರು ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡುವಾಗ ಚೇಂಬರನ್ನು ಎರಡೆರಡು ಬಾರಿ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕುವುದು ವಾಡಿಕೆ. 6 ಮಿ.ಮೀ. ಪ್ಲಾಸ್ಟಿಕ್ ಗುಂಡುಗಳ ಏರ್‌ಸಾಫ್ಟ್ ಪಿಸ್ತೂಲು ಬಳಸುವ ‘ಆ್ಯಕ್ಷನ್ ಏರ್’ ಎಂಬ ವಿಭಾಗವೂ ಐಪಿಎಸ್‌ಸಿಯಲ್ಲಿದೆ. ಅಲ್ಲಿಯೂ ಸುರಕ್ಷಾ ಕೋನ ಮೀರಿದವರು ಪಂದ್ಯದಿಂದ ಹೊರಗೆ.