ಅರಸೀಕೆರೆ ಸೀಮೆಯ ಕುರಿಹಟ್ಟಿಗಳು: ಕಾವಲಿನಿಂದ ತೆಂಗಿನ ತೋಟದವರೆಗೆ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೃಷ್ಣ ಗೋವರ್ಧನ ಎತ್ತಿ ನಿಂತಿದ್ದಾನೆ. ಅವನ ಸುತ್ತ ದನಗಳೂ ಗೋವಳರೂ ಒತ್ತೊತ್ತಾಗಿ ಸೇರಿದ್ದಾರೆ. ಹೊಯ್ಸಳರ ಕಾಲದ ಈ ನಾಡಿನಲ್ಲಿ ಮಂದೆಯೇ ಸಂಪತ್ತು. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸಿಗುವ ವೀರಗಲ್ಲುಗಳಲ್ಲಿ ತುರು ಬಿಡಿಸಲು ಹೋಗಿ ಮಡಿದವರ ಕಲ್ಲುಗಳೂ ಇವೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ.

ದನಕ್ಕೆ ಕಲ್ಲು ನೆಟ್ಟವರಿದ್ದರು, ಕುರಿಗೆ ನೆಟ್ಟವರು ಕಡಿಮೆ. ಹಾಗಾಗಿ ಕುರಿಹಟ್ಟಿಗಳ ಚರಿತ್ರೆಯನ್ನು ನೆಲ, ಮಳೆ, ಹುಲ್ಲಿನ ಮೂಲಕವೇ ಓದಬೇಕು. ಬೇಲೂರಿನ ಪಶ್ಚಿಮಕ್ಕೆ ಮಲೆನಾಡು. ಅಲ್ಲಿನ ಜಡಿಮಳೆ, ಕೆಸರು ಕುರಿಯ ಗೊರಸಿಗೆ ಆಗಿಬರುವುದಿಲ್ಲ. ಪೂರ್ವಕ್ಕೆ ಹಳೇಬೀಡು, ಜಾವಗಲ್, ಬಾಣಾವರ ದಾಟಿದರೆ ಅರಸೀಕೆರೆಯ ಬಯಲುಸೀಮೆ: ಮಳೆ ಕಡಿಮೆ, ಕುರುಚಲು ಗುಡ್ಡ, ಗಿಡ್ಡ ಹುಲ್ಲು. ಕುರುಬರೂ ಗೊಲ್ಲರೂ ಹಟ್ಟಿ ಕಟ್ಟಿಕೊಂಡದ್ದು ಇಂಥ ನೆಲದಲ್ಲಿ.

ಈ ಹುಲ್ಲುಗಾವಲಿಗೆ ಸರ್ಕಾರದ ಕಣ್ಣು ಬಿದ್ದದ್ದು ದನಗಳ ಸಲುವಾಗಿ. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮೈಸೂರು ಸೀಮೆಯ ಉದ್ದಗಲಕ್ಕೂ ‘ಕಾವಲು’ ಎಂಬ ಹುಲ್ಲುಗಾವಲುಗಳನ್ನು ಮೀಸಲಿಡಲಾಯಿತು. ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ಕಾವಲುಗಳಲ್ಲೇ ಮೂರು ಬಗೆ. ನೀರೂ ಮರದ ನೆರಳೂ ಇರುವ ಬೇಸಿಗೆ ಕಾವಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ನಂತರ ಇಂಗ್ಲಿಷರು ಇದೇ ಏರ್ಪಾಡನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. 1860ರಲ್ಲಿ ಮಂದೆಯನ್ನು ಮಾರಿದರು. ಒಳ್ಳೆಯ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಅರಸೀಕೆರೆ ತಾಲ್ಲೂಕಿನ ಹಬ್ಬನಘಟ್ಟದಲ್ಲಿ ಅಮೃತಮಹಲ್ ತಳಿ ಕೇಂದ್ರ ಉಳಿದುಬಂದಿದೆ.

ಕುರಿಯ ಮೇಲೂ ಪ್ರಯೋಗ ನಡೆಯಿತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಮೆರಿನೊ ಟಗರುಗಳನ್ನು ತರಿಸಿ ಮೈಸೂರು ಸೀಮೆಯ ಉಣ್ಣೆ ಸುಧಾರಿಸಲು ಯತ್ನಿಸಿದರು. ಅದು ಬಹುಕಾಲ ನಡೆಯಲಿಲ್ಲ. ಇಲ್ಲಿ ನಿಂತದ್ದು ನಾಡತಳಿಯೇ. ಜಿಲ್ಲೆಯ ಹೆಸರನ್ನೇ ಹೊತ್ತ ‘ಹಾಸನ’ ತಳಿ ಇಂದು ದೇಶದ ನೋಂದಾಯಿತ ಕುರಿ ತಳಿಗಳಲ್ಲೊಂದು: ಸಣ್ಣ ಮೈಕಟ್ಟು, ಬಿಳಿ ಮೈಮೇಲೆ ತಿಳಿಕಂದು ಇಲ್ಲವೇ ಕಪ್ಪು ಮಚ್ಚೆ, ಒರಟು ಉಣ್ಣೆ.

ಆ ಒರಟು ಉಣ್ಣೆಯೇ ಹಟ್ಟಿಯ ಬದುಕಾಗಿತ್ತು. ಗಂಡಸರು ಕತ್ತರಿಸಿದ ಉಣ್ಣೆಯನ್ನು ಹೆಂಗಸರು ಹಿಂಜಿ ನೂಲುತ್ತಿದ್ದರು. ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸಿ, ಗುಂಡಿ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಗಂಜಿ ಕುಡಿದ ನೂಲು ಗಡುಸಾಗುತ್ತದೆ, ಹೊಸ ಕಂಬಳಿಯ ಮೇಲೆ ಬಿದ್ದ ಹನಿ ಬೇಗ ಒಳಗಿಳಿಯುವುದಿಲ್ಲ. ಹೊಲದಾಳಿಗೆ ಕೊಪ್ಪೆ, ಬಾಣಂತಿಗೆ ಹಾಸು, ದೇವರಿಗೆ ಗದ್ದುಗೆ ಎಲ್ಲವೂ ಅದೇ.

ಮಂದೆಯ ಇನ್ನೊಂದು ಆದಾಯ ಗೊಬ್ಬರ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ಹಾಕಿದರೆ ರೈತ ರಾಗಿ ಅಳೆಯುತ್ತಿದ್ದ, ಈಗ ಹಣ ಎಣಿಸುತ್ತಾನೆ.

1880ರ ದಶಕದಲ್ಲಿ ಈ ಕಡೆಗೆ ರೈಲು ಬಂತು. ಮುಂದೆ ಮೈಸೂರಿನ ಹಳಿಯೂ ಕೂಡಿ ಅರಸೀಕೆರೆ ಜಂಕ್ಷನ್ ಆಯಿತು. ತೆಂಗು, ಕೊಬ್ಬರಿಯ ವ್ಯಾಪಾರ ಬೆಳೆದಂತೆ ಬೋರು ನೀರು ಕಂಡ ಕಡೆಯೆಲ್ಲ ತೋಟ ಎದ್ದಿತು, ಬೇಲಿ ಬಂತು. ಮಿಲ್ಲಿನ ಅಗ್ಗದ ಹೊದಿಕೆ ಬಂದು ಮಗ್ಗ ಮೂಲೆ ಸೇರಿತು. ಕುರಿಯ ಬೆಲೆ ಉಣ್ಣೆಯಿಂದ ಮಾಂಸಕ್ಕೆ ಹೊರಳಿತು. ಬೇಗ ತೂಕ ಬರುವ ಹೊರಗಿನ ಟಗರುಗಳಿಗೆ ಬೇಡಿಕೆ ಹೆಚ್ಚಿತು. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಪಿಪಿಆರ್ ಎಂಬ ಕುರಿ-ಮೇಕೆ ರೋಗದ ಲಸಿಕೆ, ಸಹಕಾರ ಸಂಘಗಳು ಕುರಿಗಾರನಿಗೆ ಆಸರೆಯಾಗಿರುವುದು ನಿಜ. ಆದರೆ ಮೇಯಲು ನೆಲವಿಲ್ಲದಿದ್ದರೆ ಲಸಿಕೆ ಹಾಕಿಸಿದ ಕುರಿಯೂ ಹೊಟ್ಟೆ ತುಂಬಿಕೊಳ್ಳುವುದಿಲ್ಲ.

ಕಾವಲು, ಗೋಮಾಳಗಳನ್ನು ಪಾಳುಭೂಮಿ ಎಂದು ಬಗೆದು ಹಂಚಿದ್ದೇ ಹಟ್ಟಿಗಳಿಗೆ ಬಿದ್ದ ದೊಡ್ಡ ಪೆಟ್ಟು. ನೆರೆಯ ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಆಯಿತು. ಹುಲ್ಲುಗಾವಲಿಗೂ ಬೆಲೆಯಿದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಅರಸೀಕೆರೆ ಸೀಮೆಯಲ್ಲಿ ಉಳಿದಿರುವ ಗೋಮಾಳಗಳ ಗಡಿ ಗುರುತಿಸಿ, ಮೇಯಿಸುವ ಹಕ್ಕನ್ನು ಬರಹದಲ್ಲಿ ಕೊಟ್ಟು, ಹಾಸನ ತಳಿಯ ಟಗರುಗಳನ್ನು ಹಟ್ಟಿಗಳಿಗೇ ಒದಗಿಸುವ ಕೆಲಸವನ್ನು ಪಂಚಾಯಿತಿಗಳೂ ಪಶುಪಾಲನಾ ಇಲಾಖೆಯೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.