ಗುರಿ ನೆವಾಡ, ಮುಳುಗಿದ್ದು ಗಿಲಿಯಂ

ಅಮೆರಿಕದ ಯುದ್ಧನೌಕೆಗಳ ಕೋಶದಲ್ಲಿ ‘ಗಿಲಿಯಂ’ ಹಡಗಿನ ಚರಿತ್ರೆ ಹೆಚ್ಚು ಜಾಗ ತಿಂದಿಲ್ಲ. ಆರಿಗಾನ್ ರಾಜ್ಯದ ಒಂದು ಕೌಂಟಿಯ ಹೆಸರು ಹೊತ್ತ ಇದು ಸೈನಿಕರನ್ನು ಒಯ್ದು, ಪುಟ್ಟ ದೋಣಿಗಳಲ್ಲಿ ಶತ್ರುವಿನ ದಡಕ್ಕೆ ಇಳಿಸುವ ಹಡಗು. ಕ್ಯಾಲಿಫೋರ್ನಿಯಾದ ವಿಲ್ಮಿಂಗ್ಟನ್ನಿನಲ್ಲಿ ಇದೇ ಮಾದರಿಯ 32 ಹಡಗುಗಳು ತಯಾರಾದವು. ಗಿಲಿಯಂ ಅವುಗಳ ಹಿರಿಯಕ್ಕ. 1944ರ ಆಗಸ್ಟಿನಲ್ಲಿ ಕೆಲಸಕ್ಕೆ ಸೇರಿ ನ್ಯೂಗಿನಿ, ಫಿಲಿಪ್ಪೀನ್ಸ್, ಓಕಿನಾವಾ ಕಡೆ ಓಡಾಡಿತು. ಕೊನೆಗೆ ಒಂದು ಮಾತು: 1946ರ ಜುಲೈ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ಮುಳುಗಿತು.

ನನ್ನನ್ನು ತಡೆದದ್ದು ಆ ಕೊನೆಯ ಮಾತೇ. ಸೇವೆಯ ವಿವರಗಳನ್ನು ಬದಿಗಿಟ್ಟು ಪರೀಕ್ಷೆಯ ವರದಿಗಳಿಗೆ ಕೈಹಾಕಿದೆ. ಬಾಂಬಿಗೆ ಗುರಿಯಾಗಿ ನಿಲ್ಲಿಸಿದ ಹಡಗುಗಳ ನಕ್ಷೆಯ ನಡುವೆ ಇರುವುದು ಗಿಲಿಯಂ ಅಲ್ಲ, ‘ನೆವಾಡ’. ಪರ್ಲ್ ಹಾರ್ಬರಿನಲ್ಲಿ ಪೆಟ್ಟು ತಿಂದೂ ಬದುಕಿ ಬಂದ ಮುದಿ ಯುದ್ಧನೌಕೆ. ಆಕಾಶದಿಂದ ಎದ್ದು ಕಾಣಲೆಂದು ಅದಕ್ಕೆ ಕೆಂಪು ಮಿಶ್ರಿತ ಕಿತ್ತಳೆ ಬಣ್ಣ ಬಳಿದಿದ್ದರು. ಇಷ್ಟೆಲ್ಲ ಸಿಂಗಾರ ಮಾಡಿದ ಮೇಲೂ ಬಿ-29 ವಿಮಾನ ಎಸೆದ ಬಾಂಬು ಗುರಿಯಿಂದ ಸುಮಾರು 650 ಮೀಟರ್ ಆಚೆ, ನೀರಿನಿಂದ 158 ಮೀಟರ್ ಎತ್ತರದಲ್ಲಿ ಸಿಡಿಯಿತು.

ಗಿಲಿಯಂ ಏಕೆ ಮುಳುಗಿತೆಂಬುದಕ್ಕೆ, ಸ್ಫೋಟದ ನೇರ ಕೆಳಗಿನ ಬಿಂದುವಿನಿಂದ ಹಡಗುಗಳು ಎಷ್ಟು ದೂರದಲ್ಲಿದ್ದವು ಎಂಬ ಪಟ್ಟಿಯಲ್ಲಿ ಉತ್ತರವಿತ್ತು. ಗಿಲಿಯಂಗೆ ಸುಮಾರು 45 ಮೀಟರ್, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೇ. ನೆವಾಡ ಇನ್ನೂ ಎಷ್ಟೋ ಆಚೆ. ಗಿಲಿಯಂ ಜೊತೆ ಅದರ ತಂಗಿ ಹಡಗು ‘ಕಾರ್ಲೈಲ್’, ಎರಡು ಡಿಸ್ಟ್ರಾಯರುಗಳು ಮತ್ತು ಜಪಾನಿನ ಕ್ರೂಸರ್ ‘ಸಕಾವಾ’ ಮುಳುಗಿದವು. ಸಕಾವಾ ಮರುದಿನದವರೆಗೂ ತೇಲಿತ್ತು. ಗಿಲಿಯಂ ನಿಮಿಷಗಳಲ್ಲೇ ಹೋಯಿತು. ಮೇಲಿನಿಂದ ಬಿದ್ದ ಒತ್ತಡಕ್ಕೆ ಅದರ ಡೆಕ್ಕು ಕಾಲಡಿಯ ತಗಡಿನ ಡಬ್ಬಿಯಂತೆ ಕೆಳಕ್ಕೆ ಕುಸಿದಿತ್ತು.

ಹಾಗಾದರೆ ಗುರಿ ತಪ್ಪಿದ್ದೇಕೆ? ತನಿಖೆ ನಡೆಯಿತು. ಗುರಿ ಹಿಡಿಯುವ ಉಪಕರಣ ಸರಿಯಾಗಿಯೇ ಇತ್ತು. ಬಾಂಬಿನ ಆಕಾರವನ್ನು ಕೆಲವರು ದೂರಿದರು. ಹಿರೋಶಿಮಾದ ಮೇಲೆ ಬಾಂಬು ಹಾಕಿದ ವಿಮಾನದ ಪೈಲಟ್ ಟಿಬೆಟ್ಸ್, ಸಿಬ್ಬಂದಿಯ ಲೆಕ್ಕ ತಪ್ಪಿದೆ ಎಂದೇ ನಂಬಿದ್ದರು. ಎಲ್ಲರೂ ಒಪ್ಪುವ ಕಾರಣ ಮಾತ್ರ ಸಿಗಲೇ ಇಲ್ಲ. ಈ ಪ್ರಯೋಗಕ್ಕಾಗಿ ಅದೇ ವರ್ಷದ ಮಾರ್ಚಿನಲ್ಲಿ 167 ಬಿಕಿನಿ ನಿವಾಸಿಗಳನ್ನು ಊರು ಬಿಡಿಸಿದ್ದರೆಂಬುದನ್ನು ನೆನೆದರೆ ಈ ಗುರಿತಪ್ಪು ಇನ್ನಷ್ಟು ಚುಚ್ಚುತ್ತದೆ.

ನೆವಾಡ ಆ ಜುಲೈನ ಎರಡನೆಯ ಬಾಂಬಿಗೂ ಜಗ್ಗಲಿಲ್ಲ. 1948ರಲ್ಲಿ ಹವಾಯಿಯ ಬಳಿ ಫಿರಂಗಿಗಳಿಂದ ಬಡಿದು, ಟಾರ್ಪೆಡೊ ಬಿಟ್ಟು ಅದನ್ನು ಮುಳುಗಿಸಬೇಕಾಯಿತು.