‘ಡೆಡ್‌ಲೈನ್’: ಒಂದು ಗೆರೆಯ ಚರಿತ್ರೆ

ಸಾಫ್ಟ್‌ವೇರ್ ಕೆಲಸದಲ್ಲಿ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಮಾತು ‘ಡೆಡ್‌ಲೈನ್’. ಈಗ ಊರಿನಲ್ಲೂ ಪರೀಕ್ಷಾ ಶುಲ್ಕಕ್ಕೆ, ಬೆಳೆ ವಿಮೆಗೆ ಇದೇ ಪದ ಬಳಸುತ್ತಾರೆ. ಡೆಡ್ ಎಂದರೆ ಸತ್ತ, ಲೈನ್ ಎಂದರೆ ಗೆರೆ ಎಂಬುದು ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಕೊನೆಯ ದಿನಾಂಕಕ್ಕೆ ಸಾವಿನ ಹೆಸರು ಏಕೆ?

1861ರಿಂದ 1865ರವರೆಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಸೆರೆಸಿಕ್ಕ ಉತ್ತರದ ಸೈನಿಕರನ್ನು ಇಡಲು ದಕ್ಷಿಣದವರು 1864ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್‌ನಲ್ಲಿ ಒಂದು ಸೆರೆಶಿಬಿರ ತೆರೆದರು. ಅಲ್ಲಿ ಕಟ್ಟಡಗಳಿರಲಿಲ್ಲ. ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟ ಎತ್ತರದ ಗೋಡೆ, ಒಳಗೆ ಬರೀ ಬಯಲು. ಸುಮಾರು 10,000 ಜನರಿಗೆಂದು ಮಾಡಿದ ಜಾಗದಲ್ಲಿ ಆಗಸ್ಟ್ ಹೊತ್ತಿಗೆ 30,000ಕ್ಕೂ ಹೆಚ್ಚು ಜನರಿದ್ದರು.

ಗೋಡೆಯಿಂದ ಸುಮಾರು 20 ಅಡಿ ಒಳಗೆ, ಗೂಟ ನೆಟ್ಟು ಹಲಗೆಪಟ್ಟಿ ಹೊಡೆದ ಒಂದು ಗಡಿ. ಅದೇ ‘ಡೆಡ್ ಲೈನ್’. ಅದನ್ನು ದಾಟಿದವನಿಗೆ ಕಾವಲುಗಾರರು ಎಚ್ಚರಿಕೆಯಿಲ್ಲದೆ ಗುಂಡು ಹೊಡೆಯಬಹುದಿತ್ತು. ನಮಗೆ ಲಕ್ಷ್ಮಣರೇಖೆ ನೆನಪಾಗುವುದು ಸಹಜ. ಆದರೆ ಅದು ಒಳಗಿದ್ದವರನ್ನು ಕಾಯಲು ಎಳೆದ ಗೆರೆ, ಇದು ಹಾಗಲ್ಲ.

ಶಿಬಿರದ ನಡುವೆ ಒಂದು ಸಣ್ಣ ಹಳ್ಳ. ಕುಡಿಯಲೂ ಅದೇ, ತೊಳೆಯಲೂ ಅದೇ, ಕಕ್ಕಸಿಗೂ ಅದೇ. ಕೊಂಚ ತಿಳಿನೀರು ಸಿಗುತ್ತಿದ್ದುದು ಹಳ್ಳ ಒಳಬರುವ ಕಡೆ, ಗೆರೆಯ ಬಳಿ. ಆ ನೀರಿಗೆ ಕೈ ಚಾಚಿ ಗುಂಡು ತಿಂದವರುಂಟು. ಒಟ್ಟು 45,000 ಬಂದಿಗಳಲ್ಲಿ ಸುಮಾರು 13,000 ಜನ ಅಲ್ಲೇ ತೀರಿಕೊಂಡರು. ಹೆಚ್ಚಿನವರು ಭೇದಿ, ಸ್ಕರ್ವಿ, ಹಸಿವಿನಿಂದ.

ಯುದ್ಧ ಮುಗಿದ ಮೇಲೆ ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ವಿಚಾರಣೆ ನಡೆಯಿತು. ಆರೋಪಪಟ್ಟಿಯಲ್ಲಿ ಈ ಗೆರೆಯ ವಿಷಯವೂ ಇತ್ತು. ಅನೇಕ ಕಡೆ ಅದು ಬರೀ ಕಾಲ್ಪನಿಕ ಗೆರೆಯಾಗಿತ್ತು ಎಂಬ ಮಾತು ಅಲ್ಲಿದೆ. ಎಂದರೆ, ಎಲ್ಲಿದೆಯೆಂದು ಕಾಣದ ಗೆರೆಯನ್ನು ದಾಟಿದ್ದಕ್ಕೂ ಸಾವು! ನನಗೆ ಇಡೀ ಕಥೆಯಲ್ಲಿ ಅತ್ಯಂತ ಕ್ರೂರವಾಗಿ ಕಂಡದ್ದು ಇದು. 1865ರ ನವೆಂಬರ್ 10ರಂದು ವಿರ್ಜ್‌ನನ್ನು ಗಲ್ಲಿಗೇರಿಸಲಾಯಿತು. ವಿಚಾರಣೆಯ ವರದಿಗಳಿಂದ ಪದವೂ ದೇಶಕ್ಕೆಲ್ಲ ಪರಿಚಯವಾಯಿತು.

ಮುಂದೆ ಮುದ್ರಣಯಂತ್ರದಲ್ಲಿ, ಯಾವ ಗುರುತಿನಾಚೆ ಅಚ್ಚುಮೊಳೆ ಜೋಡಿಸಿದರೆ ಅಕ್ಷರ ಮೂಡುವುದಿಲ್ಲವೋ ಆ ಗುರುತಿಗೂ ಇದೇ ಹೆಸರು ಬಂತು. 1920ರ ಹೊತ್ತಿಗೆ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಸುದ್ದಿ ಕೊಡಬೇಕಾದ ಕೊನೆಯ ಗಳಿಗೆ ‘ಡೆಡ್‌ಲೈನ್’ ಆಗಿತ್ತು. ನೆಲದ ಮೇಲಿನ ಗೆರೆ ಗಡಿಯಾರಕ್ಕೆ ಬಂದದ್ದು ಹೀಗೆ.

ಕನ್ನಡದಲ್ಲಿ ಇದಕ್ಕೆ ಗಡುವು ಎನ್ನುತ್ತೇವೆ, ವಾಯಿದೆ ಎನ್ನುತ್ತೇವೆ. ವಾಯಿದೆಯೂ ಹೊರಗಿನಿಂದ ಬಂದ ಪದವೇ. ಅರಬ್ಬಿಯಲ್ಲಿ ಅದರ ಮೂಲಾರ್ಥ ‘ಕೊಟ್ಟ ಮಾತು’.